ಮೊದಲು ಓವರ್ ನೋಡು

ನಮ್ಮ ಸೋದರಮಾವ ಸ್ಕೋರ್‌ಕಾರ್ಡ್ ಓದುತ್ತಿದ್ದ ರೀತಿಯೇ ಬೇರೆ. ಬೆಳಗ್ಗೆ ಪೇಪರ್ ಬಂದ ಕೂಡಲೇ ಮನೆಯವರೆಲ್ಲ ಯಾರು ಎಷ್ಟು ಹೊಡೆದರು ಅಂತ ಹುಡುಕುತ್ತಿದ್ದರೆ, ಅವರ ಬೆರಳು ಸೀದಾ ಕೆಳಗಿಳಿದು ಬೌಲಿಂಗ್ ಸಾಲಿನ ಮೊದಲ ಅಂಕಿಯ ಮೇಲೆ ನಿಲ್ಲುತ್ತಿತ್ತು. ಓವರ್, ಮೇಡನ್, ರನ್, ವಿಕೆಟ್ ಎಂಬ ನಾಲ್ಕು ಅಂಕಿಗಳಲ್ಲಿ ಎಲ್ಲರಿಗೂ ಬೇಕಾದದ್ದು ಕೊನೆಯದು, ಮಾವನಿಗೆ ಬೇಕಾದದ್ದು ಮೊದಲನೆಯದು. ‘ಮೂವತ್ತೆರಡು ಓವರ್ ಹಾಕವ್ನೆ ಕಣೋ, ಸಾಯಂಕಾಲ ಇವನೇ ಬ್ಯಾಟೂ ಹಿಡ್ಕೊಂಡು ಹೋಗ್ಬೇಕು’ ಅನ್ನುತ್ತಿದ್ದರು, ತಮ್ಮ ಹೆಗಲೇ ನೋಯುತ್ತಿರುವವರ ಹಾಗೆ. ಪತ್ರಿಕೆಗಳು ವಿಕೆಟ್ಟಿಗೆ ‘ಹುದ್ದರಿ’ ಅಂತ ಬರೆಯುತ್ತಿದ್ದ ಕಾಲದಿಂದ ಅವರದೊಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರು; ಲಾಭ ಎಷ್ಟು ಬಂತು ಅನ್ನುವುದಕ್ಕಿಂತ ಮೊದಲು ಎಷ್ಟು ಹೂಡಿದ ಅಂತ ಕೇಳುವ ಜಾತಿ.

ಸಾರ್ವಕಾಲಿಕ ಶ್ರೇಷ್ಠ ಆಲ್‌ರೌಂಡರ್ ಯಾರು ಎಂಬ ತಕರಾರು ಎದ್ದಾಗಲೆಲ್ಲ ನನಗೆ ಆ ಬೆರಳು ನೆನಪಾಗುತ್ತದೆ. ಈ ಜಗಳ ಯಾವತ್ತೂ ಬಗೆಹರಿಯುವುದಿಲ್ಲ. ಶ್ರೇಷ್ಠ ಬ್ಯಾಟರ್ ಯಾರು ಅಂದರೆ ಬ್ರಾಡ್ಮನ್ ಅಂತ ಹೇಳಿ ಎರಡನೇ ಸ್ಥಾನಕ್ಕೆ ಕಿತ್ತಾಡಬಹುದು. ಆಲ್‌ರೌಂಡರ್ ವಿಷಯದಲ್ಲಿ ಹಾಗಲ್ಲ. ಆ ಪದದ ಅರ್ಥವೇ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಕನ್ನಡದ ಕ್ರೀಡಾ ವರದಿಗಾರರು ಹಿಂದೆ ‘ಸವ್ಯಸಾಚಿ’ ಅಂತ ಬರೆಯುತ್ತಿದ್ದರು. ಅರ್ಜುನನ ಹೆಸರು: ಎಡಗೈಯಿಂದಲೂ ಬಲಗೈಯಷ್ಟೇ ಸಲೀಸಾಗಿ ಬಾಣ ಬಿಡುವವನು. ಎರಡು ಕೈಯೂ ಸಮ ಅನ್ನುವುದೇ ಅದರ ಜೀವ. ಆ ಅರ್ಥವನ್ನು ಕಟ್ಟುನಿಟ್ಟಾಗಿ ಹಿಡಿದರೆ ನೂರೈವತ್ತು ವರ್ಷದ ಟೆಸ್ಟ್ ಇತಿಹಾಸದಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು. ಸಡಿಲ ಬಿಟ್ಟರೆ, ನಾಲ್ಕು ಓವರ್ ಹಾಕಿ ಇಪ್ಪತ್ತು ರನ್ ಹೊಡೆದವನೂ ಆಲ್‌ರೌಂಡರ್ ಆಗಿಬಿಡುತ್ತಾನೆ.

ಲೆಕ್ಕ ಬಲ್ಲವರು ಇದಕ್ಕೊಂದು ಸುಲಭದ ಸೂತ್ರ ಕಂಡುಕೊಂಡಿದ್ದಾರೆ. ಬ್ಯಾಟಿಂಗ್ ಸರಾಸರಿಯಿಂದ ಬೌಲಿಂಗ್ ಸರಾಸರಿಯನ್ನು ಕಳೆಯಿರಿ, ಉಳಿದದ್ದು ಹೆಚ್ಚಾದಷ್ಟೂ ಆಟಗಾರ ದೊಡ್ಡವನು. ಗ್ಯಾರಿ ಸೋಬರ್ಸ್ 57.78ರಿಂದ 34.03 ಕಳೆದರೆ 23.75. ಜಾಕ್ ಕ್ಯಾಲಿಸ್ 55.37ರಿಂದ 32.65 ಕಳೆದರೆ 22.72. ಇಮ್ರಾನ್ ಖಾನ್ 14.88, ಕೀತ್ ಮಿಲ್ಲರ್ ಸರಿಯಾಗಿ 14, ಇಯಾನ್ ಬೋಥಮ್ 5.14, ರಿಚರ್ಡ್ ಹ್ಯಾಡ್ಲಿ 4.87. ನಮ್ಮ ಕಪಿಲ್ ದೇವ್ ಬರೀ 1.41. ವಿನೂ ಮಂಕಡ್ ಅವರದು ಸೊನ್ನೆಗಿಂತ ಕೆಳಗೆ. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಇದೇ ಸೂತ್ರಕ್ಕೆ ಇಂಗ್ಲೆಂಡಿನ ವಾಲಿ ಹ್ಯಾಮಂಡ್ ಅವರನ್ನು ಹಾಕಿ ನೋಡಿ: ಬ್ಯಾಟಿಂಗ್ 58.45, ಬೌಲಿಂಗ್ 37.80, ಉಳಿದದ್ದು 20.65. ಅಂದರೆ 85 ಟೆಸ್ಟ್‌ಗಳಲ್ಲಿ 83 ವಿಕೆಟ್ ಪಡೆದ ಹ್ಯಾಮಂಡ್, 88 ಟೆಸ್ಟ್‌ಗಳಲ್ಲಿ 362 ವಿಕೆಟ್ ಪಡೆದ ಇಮ್ರಾನ್‌ಗಿಂತ ದೊಡ್ಡ ಆಲ್‌ರೌಂಡರ್! ಸೂತ್ರ ಎಲ್ಲಿ ಹಳ್ಳ ಹಿಡಿಯಿತು ಅನ್ನುವುದು ಸ್ಪಷ್ಟ. ಸರಾಸರಿ ಎನ್ನುವುದು ಕೆಲಸ ಎಷ್ಟು ಚೆನ್ನಾಗಿ ಆಯಿತು ಅಂತ ಹೇಳುತ್ತದೆಯೇ ಹೊರತು ಎಷ್ಟು ಕೆಲಸ ಆಯಿತು ಅಂತ ಹೇಳುವುದಿಲ್ಲ.

ಅದನ್ನು ಹೇಳುವುದು ಮಾವನ ಮೊದಲ ಅಂಕಿ. ಅವರ ಪುಸ್ತಕದಲ್ಲಿ ಒಂದು ಪುಟ ತುಂಬ ಇದೇ ಭಾಗಾಕಾರ: ಇಡೀ ವೃತ್ತಿಜೀವನದಲ್ಲಿ ಹಾಕಿದ ಎಸೆತಗಳು, ಆಡಿದ ಟೆಸ್ಟ್‌ಗಳು, ಒಂದು ಟೆಸ್ಟಿಗೆ ಎಷ್ಟು ಬಿತ್ತು. ಓವರ್ ಬಿಟ್ಟು ಎಸೆತ ಯಾಕೆ ಹಿಡಿದರು ಅಂದರೆ, ಆಸ್ಟ್ರೇಲಿಯದಂಥ ಕಡೆ ಎಷ್ಟೋ ಕಾಲ ಓವರಿಗೆ ಎಂಟು ಎಸೆತ ಇದ್ದವು. ಆ ಪುಟದ ಲೆಕ್ಕವನ್ನು ನಾನೂ ಮತ್ತೊಮ್ಮೆ ಮಾಡಿದೆ. ಸೋಬರ್ಸ್ 93 ಟೆಸ್ಟ್‌ಗಳಲ್ಲಿ 21,599 ಎಸೆತ, ಟೆಸ್ಟಿಗೆ 232. ಇಮ್ರಾನ್ 221, ಬೋಥಮ್ 214, ಕಪಿಲ್ 212, ಮಿಲ್ಲರ್ 190. ಕ್ಯಾಲಿಸ್? 166 ಟೆಸ್ಟ್‌ಗಳಲ್ಲಿ 20,232. ಟೆಸ್ಟಿಗೆ ಸುಮಾರು 122, ಅಂದರೆ ಇಪ್ಪತ್ತೇ ಓವರ್. ಎರಡು ಇನಿಂಗ್ಸ್ ಸೇರಿ.

ಸೂತ್ರದಲ್ಲಿ ಅಕ್ಕಪಕ್ಕ ಕೂತಿದ್ದ ಸೋಬರ್ಸ್ ಮತ್ತು ಕ್ಯಾಲಿಸ್ ಇಲ್ಲಿ ದೂರ ದೂರ ಆಗುತ್ತಾರೆ. ಕ್ಯಾಲಿಸ್ ಅವರನ್ನು ಕಡೆಗಣಿಸುವ ಮಾತಲ್ಲ ಇದು. 13,289 ರನ್, 45 ಶತಕ, 292 ವಿಕೆಟ್, 200 ಕ್ಯಾಚ್. ಈ ನಾಲ್ಕನ್ನೂ ಒಂದೇ ಹೆಸರಿನ ಮುಂದೆ ಇನ್ನೊಬ್ಬರು ಬರೆಸಿಕೊಳ್ಳುತ್ತಾರೆ ಅಂತ ನನಗಂತೂ ಅನಿಸುವುದಿಲ್ಲ. ಬೆಂಗಳೂರಿನವರಿಗೆ ಅವರ ಗುಣ ಹತ್ತಿರದಿಂದ ಗೊತ್ತು. 2008ರ ಮೊದಲ ಐಪಿಎಲ್‌ನಲ್ಲಿ ದ್ರಾವಿಡ್, ಕ್ಯಾಲಿಸ್, ವಸೀಂ ಜಾಫರ್ ಇದ್ದ ರಾಯಲ್ ಚಾಲೆಂಜರ್ಸ್ ತಂಡವನ್ನು ‘ಟೆಸ್ಟ್ ಟೀಮ್’ ಅಂತ ಊರೆಲ್ಲ ಆಡಿಕೊಂಡಿತ್ತು. ಅದೇ ಕ್ಯಾಲಿಸ್ 2010ರಲ್ಲಿ 572 ರನ್ ಹೊಡೆದು ಬಾಯಿ ಮುಚ್ಚಿಸಿದರು. ಆದರೆ ದಕ್ಷಿಣ ಆಫ್ರಿಕದ ನಾಯಕನಿಗೆ ಚೆಂಡು ಕೊಡಲು ಡೊನಾಲ್ಡ್, ಪೊಲಾಕ್, ಎನ್‌ಟಿನಿ, ಸ್ಟೇನ್ ಅಂಥವರು ಸದಾ ಇದ್ದರು. ಕ್ಯಾಲಿಸ್ ಬೌಲಿಂಗ್ ಅವರಿಗೆಲ್ಲ ಉಸಿರು ಬಿಡಲು ಸಿಕ್ಕ ಬಿಡುವು. ಬಹಳ ಒಳ್ಳೆಯ ಬಿಡುವು, ನಿಜ. ಆದರೂ ಹೊರೆ ಬೇರೆಯವರ ಹೆಗಲ ಮೇಲಿತ್ತು.

ಸೋಬರ್ಸ್‌ಗೆ ಆ ಭಾಗ್ಯ ಇರಲಿಲ್ಲ ಅಥವಾ ಅವರೇ ಅದನ್ನು ಕೇಳಲಿಲ್ಲ. 1954ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹದಿನೇಳರ ಹುಡುಗ ಟೆಸ್ಟ್ ಆಡಲು ಬಂದಾಗ ಎಡಗೈ ಸ್ಪಿನ್ನರ್. ಬ್ಯಾಟಿಂಗ್ ಕ್ರಮಾಂಕ ಒಂಬತ್ತು. ನಾಲ್ಕು ವರ್ಷ ಕಳೆಯುವುದರೊಳಗೆ ಅದೇ ಮೈದಾನದಲ್ಲಿ ಪಾಕಿಸ್ತಾನದ ಮೇಲೆ ಅಜೇಯ 365. ಹೊಸ ಚೆಂಡು ಸಿಕ್ಕರೆ ವೇಗ, ಚೆಂಡು ಹಳತಾದರೆ ಬೆರಳ ಸ್ಪಿನ್, ಪಿಚ್ ಗಟ್ಟಿಯಿದ್ದರೆ ಮಣಿಕಟ್ಟಿನ ಸ್ಪಿನ್. ಒಬ್ಬನೇ ಮೂವರು ಬೌಲರು. ಅವರ ಬೌಲಿಂಗ್ ಸರಾಸರಿ 34 ಅಂತ ಮೂಗು ಮುರಿಯುವವರಿದ್ದಾರೆ. ಒಂದು ವಿಕೆಟ್ಟಿಗೆ ತೊಂಬತ್ತಕ್ಕೂ ಹೆಚ್ಚು ಎಸೆತ ಬೇಕಾಗುತ್ತಿದ್ದವು ಅನ್ನುವುದೂ ನಿಜವೇ. ಬರೀ ಬೌಲರ್ ಅಂತ ಅವರನ್ನು ಯಾರೂ ಆರಿಸುತ್ತಿರಲಿಲ್ಲ ಅನ್ನುವ ವಾದದಲ್ಲಿ ಹುರುಳಿದೆ. ಆದರೆ 1966ರ ಇಂಗ್ಲೆಂಡ್ ಪ್ರವಾಸವನ್ನು ಎದುರಿಗಿಟ್ಟುಕೊಂಡರೆ ಆ ವಾದ ಮಂಕಾಗುತ್ತದೆ. ಐದು ಟೆಸ್ಟ್‌ಗಳಲ್ಲಿ 722 ರನ್, 20 ವಿಕೆಟ್, 10 ಕ್ಯಾಚ್. ನಾಯಕರೂ ಅವರೇ. ಐದಕ್ಕೆ ಐದು ಟಾಸ್ ಕೂಡ ಅವರೇ ಗೆದ್ದರು, ದೇವರೂ ಅವರ ಕಡೆಗೇ ಇದ್ದ ಅನ್ನುವ ಹಾಗೆ. ಲಾರ್ಡ್ಸ್‌ನಲ್ಲಿ ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಬಿದ್ದಾಗ ವೆಸ್ಟ್ ಇಂಡೀಸ್ ಮುಂದಿದ್ದದ್ದು ಒಂಬತ್ತೇ ರನ್. ಆಗ ದಾಯಾದಿ ಸೋದರ ಡೇವಿಡ್ ಹಾಲ್ಫರ್ಡ್ ಜೊತೆ ನಿಂತು ಮುರಿಯದ 274ರ ಜೊತೆಯಾಟ. ಸೋಬರ್ಸ್ ಅಜೇಯ 163, ಆಗತಾನೆ ತಂಡಕ್ಕೆ ಬಂದಿದ್ದ ಹಾಲ್ಫರ್ಡ್ ಅಜೇಯ 105. ಲೀಡ್ಸ್‌ನಲ್ಲಿ 174 ಹೊಡೆದು ಎಂಟು ವಿಕೆಟ್ ಕಿತ್ತರು. ಒಂದು ಇಡೀ ಬೇಸಿಗೆ ಒಬ್ಬ ಮನುಷ್ಯ ಒಂದು ತಂಡವನ್ನು ಹೊತ್ತು ನಡೆದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಹೀಗಾಗಿ ಮೊದಲ ಸ್ಥಾನದ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು ಆಮೇಲೆ. ಎಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಆಲ್‌ರೌಂಡರ್ ಅಂದರೆ ನಾಲ್ಕೇ ಹೆಸರು: ಬೋಥಮ್, ಇಮ್ರಾನ್, ಕಪಿಲ್, ಹ್ಯಾಡ್ಲಿ. ನಮ್ಮ ಬೀದಿಯ ಆಟದಲ್ಲೂ ನಾಲ್ಕು ಜನ ಈ ಹೆಸರುಗಳನ್ನು ಹಂಚಿಕೊಳ್ಳುತ್ತಿದ್ದರು. ಹ್ಯಾಡ್ಲಿ ಆಗಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಕೊನೆಗೆ ಬ್ಯಾಟಿಂಗ್ ಬರದವನ ತಲೆಗೆ ಕಟ್ಟುತ್ತಿದ್ದೆವು. ಮಕ್ಕಳ ತೀರ್ಪು ಕ್ರೂರವಾಗಿದ್ದರೂ ತಪ್ಪಾಗಿರಲಿಲ್ಲ. ಹ್ಯಾಡ್ಲಿ 431 ವಿಕೆಟ್, ಸರಾಸರಿ 22.29, ಟೆಸ್ಟಿಗೆ 255 ಎಸೆತ ಹಾಕಿ ನ್ಯೂಜಿಲೆಂಡ್ ಬೌಲಿಂಗನ್ನು ಒಬ್ಬರೇ ಎಳೆದರು. ಬ್ಯಾಟಿಂಗ್ 27, ಶತಕ ಎರಡೇ. ಅವರು ಬ್ಯಾಟಿಂಗ್ ಬಲ್ಲ ಮಹಾನ್ ಬೌಲರ್. ಆ ಮಹತ್ವದ ಒಂದು ಗಳಿಗೆಯನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 1988ರ ನವೆಂಬರ್ 12ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅರುಣ್ ಲಾಲ್ ಔಟಾದಾಗ ಹ್ಯಾಡ್ಲಿ ಅವರಿಗೆ 374ನೇ ವಿಕೆಟ್. ಬೋಥಮ್ ಹೆಸರಲ್ಲಿದ್ದ ವಿಶ್ವದಾಖಲೆ ಮುರಿಯಿತು. ಅದೇ ಪಂದ್ಯದಲ್ಲಿ ನ್ಯೂಜಿಲೆಂಡ್ ಆಟಗಾರರು ಹೊಟ್ಟೆ ಕೆಟ್ಟು ಒಬ್ಬೊಬ್ಬರಾಗಿ ಮಲಗಿದರು. ಕಾಮೆಂಟರಿಗೆಂದು ಬಂದಿದ್ದ ಮಾಜಿ ನಾಯಕ ಜೆರೆಮಿ ಕೋನಿ ಬಿಳಿ ಬಟ್ಟೆ ಹಾಕಿಕೊಂಡು ಫೀಲ್ಡಿಂಗ್‌ಗೆ ಇಳಿಯಬೇಕಾಯಿತು.

ಬೋಥಮ್ ಬಗ್ಗೆ ನನ್ನದು ಎರಡು ಮನಸ್ಸು. 1980ರ ಫೆಬ್ರವರಿಯಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ 114 ರನ್, ಜೊತೆಗೆ 58ಕ್ಕೆ 6, 48ಕ್ಕೆ 7. ಮರುವರ್ಷ ಲಾರ್ಡ್ಸ್‌ನಲ್ಲಿ ಎರಡೂ ಇನಿಂಗ್ಸ್ ಸೊನ್ನೆಗೆ ಔಟಾಗಿ ನಾಯಕತ್ವ ಬಿಟ್ಟವರು, ಮುಂದಿನ ಟೆಸ್ಟ್‌ನಲ್ಲೇ ಲೀಡ್ಸ್‌ನಲ್ಲಿ ಆರು ವಿಕೆಟ್, 50 ಮತ್ತು ಅಜೇಯ 149. ಫಾಲೋಆನ್ ಪಡೆದ ಇಂಗ್ಲೆಂಡ್ 18 ರನ್ನಿಂದ ಗೆದ್ದಿತು. ಆ ಸರಣಿ ಮುಗಿಯುವಾಗ 399 ರನ್, 34 ವಿಕೆಟ್. ಮೊದಲ ಐದು ವರ್ಷ ನೋಡಿದರೆ ಸೋಬರ್ಸ್ ಪಕ್ಕದಲ್ಲಿ ಕುರ್ಚಿ ಹಾಕಬಹುದಿತ್ತು. ಆಮೇಲೆ ಬೆನ್ನು ಕೈಕೊಟ್ಟಿತು, ವೇಗ ಇಳಿಯಿತು, ಹೆಸರಿನ ಬಲದ ಮೇಲೆ ವಿಕೆಟ್ ಬೀಳತೊಡಗಿತು. ಇನ್ನೊಂದು ಮುಳ್ಳು: ಆ ಕಾಲದ ನಿಜವಾದ ಪರೀಕ್ಷೆ ವೆಸ್ಟ್ ಇಂಡೀಸ್; ಅವರ ಎದುರು 20 ಟೆಸ್ಟ್ ಆಡಿಯೂ ಬೋಥಮ್‌ಗೆ ಒಂದು ಶತಕ ದಕ್ಕಲಿಲ್ಲ. ಕಪಿಲ್‌ಗೆ ಮೂರು ದಕ್ಕಿದವು.

ಇಮ್ರಾನ್ ವಿಷಯದಲ್ಲಿ ಮಾವನಿಗೂ ನನಗೂ ಜಗಳವಾಗುತ್ತಿತ್ತು. 1982–83ರಲ್ಲಿ ನಮ್ಮ ಮೇಲೆಯೇ ಆರು ಟೆಸ್ಟ್‌ಗಳಲ್ಲಿ 40 ವಿಕೆಟ್, ಸರಾಸರಿ ಹದಿನಾಲ್ಕಕ್ಕೂ ಕಡಿಮೆ. ಫೈಸಲಾಬಾದ್‌ನಲ್ಲಿ 117 ಹೊಡೆದು 11 ವಿಕೆಟ್. ಆ ದುಡಿಮೆಯ ಬೆಲೆ ಮೊಣಕಾಲ ಕೆಳಗಿನ ಮೂಳೆ ತೆತ್ತಿತು. ಬಿರುಕು ಬಿಟ್ಟ ಕಾಲಿನಲ್ಲಿ 1983ರ ವಿಶ್ವಕಪ್ಪನ್ನು ಒಂದೂ ಚೆಂಡು ಹಾಕದೆ, ಬರೀ ಬ್ಯಾಟ್ ಹಿಡಿದು ಆಡಿದರು. ಕೊನೆಯ ಹತ್ತು ವರ್ಷಗಳಲ್ಲಿ ಅವರ ಬ್ಯಾಟಿಂಗ್ ಸರಾಸರಿ 50, ಬೌಲಿಂಗ್ 19 ಅನ್ನುವ ಅಂಕಿಯನ್ನು ಅಭಿಮಾನಿಗಳು ಮಂತ್ರದಂತೆ ಹೇಳುತ್ತಾರೆ. ಮಾವನ ಆಕ್ಷೇಪ ಇಷ್ಟೇ: ಬೌಲಿಂಗ್ ಕಡಿಮೆ ಮಾಡಿದಾಗ ಬ್ಯಾಟಿಂಗ್ ಏರಿತು, ಎರಡೂ ಒಟ್ಟಿಗೆ ಶಿಖರ ಮುಟ್ಟಿದ ದಿನಗಳು ಅಷ್ಟೇನಿಲ್ಲ. ನಾನು ಒಪ್ಪುವುದಿಲ್ಲ. 362 ವಿಕೆಟ್ 22.81ರಂತೆ ಪಡೆದವನು ಬ್ಯಾಟ್ ಹಿಡಿಯದಿದ್ದರೂ ಸಾರ್ವಕಾಲಿಕ ಬೌಲರ್. ಅದರ ಮೇಲೆ ನಾಯಕತ್ವದ ತೂಕವನ್ನೂ ಇಡಬೇಕು. 1987ರ ಮಾರ್ಚ್‌ನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನ ಮೊದಲ ಇನಿಂಗ್ಸ್‌ನಲ್ಲಿ 116ಕ್ಕೆ ಔಟಾಗಿಯೂ 16 ರನ್ನಿಂದ ಗೆದ್ದಿತು. ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಹೊಡೆದ 96 ವ್ಯರ್ಥವಾಯಿತು. ಭಾರತದ 18 ವಿಕೆಟ್ ಹಂಚಿಕೊಂಡವರು ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹ್ಮದ್. ಅಬ್ದುಲ್ ಖಾದಿರ್ ಅವರಂಥವರನ್ನು ಕೂರಿಸಿ ಖಾಸಿಂ ಅವರನ್ನು ಆಡಿಸುವ ಧೈರ್ಯ ತೋರಿದ್ದು ಇಮ್ರಾನ್ ಪಡೆ. ಅವತ್ತು ನಮ್ಮ ಮನೆಯಲ್ಲಿ ಸಂಜೆ ಕಾಫಿ ಯಾರಿಗೂ ಸೇರಲಿಲ್ಲ.

ಇನ್ನು ಕಪಿಲ್. ಸೂತ್ರದಲ್ಲಿ 1.41 ಪಡೆದು ಹಿಂದಿನ ಬೆಂಚಿನಲ್ಲಿ ಕೂತವರು. ಆದರೆ ಆ ಅಂಕಿಯ ಹಿಂದೆ 27,740 ಎಸೆತಗಳಿವೆ. 1978ರ ಅಕ್ಟೋಬರ್‌ನಿಂದ 1994ರ ಮಾರ್ಚ್‌ವರೆಗೆ 131 ಟೆಸ್ಟ್. ನಡುವೆ ತಪ್ಪಿದ್ದು ಒಂದೇ, ಅದೂ ಗಾಯದಿಂದಲ್ಲ. 1984ರಲ್ಲಿ ದೆಹಲಿಯಲ್ಲಿ ಬೇಜವಾಬ್ದಾರಿಯಿಂದ ಹೊಡೆದು ಔಟಾದರು ಅಂತ ಕೋಲ್ಕತ್ತದಲ್ಲಿ ಕೈಬಿಟ್ಟಿದ್ದು. ಅದಕ್ಕೆ ಮುಂಚೆ ಸತತ 66, ಆಮೇಲೆ ಸತತ 65. ವೇಗದ ಬೌಲರ್ ಒಬ್ಬ, ಅದರಲ್ಲೂ ಚೆಂಡು ಮೊಣಕಾಲಿನ ಮೇಲೇಳದ ನಮ್ಮ ಪಿಚ್‌ಗಳಲ್ಲಿ, ಹದಿನಾರು ವರ್ಷ ಹೀಗೆ ಓಡಿದ್ದನ್ನು ಬೇರೆ ಯಾವ ದೇಶದ ಪುಸ್ತಕದಲ್ಲೂ ನಾನು ನೋಡಿಲ್ಲ. ಇನ್ನೊಂದು ತುದಿಯಲ್ಲಿ ಜೊತೆಗಾರರು ಬದಲಾಗುತ್ತಲೇ ಹೋದರು: ಘಾವ್ರಿ, ಮದನ್ ಲಾಲ್, ನಮ್ಮ ಬಿನ್ನಿ, ಚೇತನ್ ಶರ್ಮ, ಪ್ರಭಾಕರ್. ಅಹಮದಾಬಾದ್‌ನಲ್ಲಿ 1983ರಲ್ಲಿ ವೆಸ್ಟ್ ಇಂಡೀಸ್ ಮೇಲೆ 83ಕ್ಕೆ 9 ಪಡೆದರೂ ಭಾರತ ಸೋತಿತು.

ಅದೇ ವರ್ಷ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಬಗ್ಗೆ ಎಷ್ಟು ಬರೆದರೂ ಮುಗಿಯದು. ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಅಲ್ಲಿಂದ ಕಪಿಲ್ ಅಜೇಯ 175. ಆ ಪಂದ್ಯದ ಚಿತ್ರೀಕರಣವೇ ಇಲ್ಲ, ಹಾಗಾಗಿ ಆ ಇನಿಂಗ್ಸ್ ಈಗಲೂ ಅವರವರ ಕಲ್ಪನೆಯಲ್ಲಿ ಅವರವರಿಗೆ ಬೇಕಾದ ಹಾಗೆ ಆಡುತ್ತಲೇ ಇದೆ. ಸ್ಕೋರ್‌ಕಾರ್ಡಿನಲ್ಲಿ ನಮಗೆ ಕಾಣುವುದು ಇನ್ನೆರಡು ಹೆಸರು: ರೋಜರ್ ಬಿನ್ನಿ 22, ಸೈಯದ್ ಕಿರ್ಮಾನಿ ಅಜೇಯ 24. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ಸೇರಿಸುವಾಗ ಕಿರ್ಮಾನಿ ಮಾಡಿದ ಕೆಲಸ, ಒಂದು ತುದಿಯಲ್ಲಿ ಗೂಟ ಹೊಡೆದುಕೊಂಡು ನಿಂತದ್ದು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ.

ಕಪಿಲ್ ಬಗ್ಗೆ ಕರ್ನಾಟಕದವರಿಗೆ ಒಂದು ಮುನಿಸೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಹ್ಯಾಡ್ಲಿಯವರ 431ನ್ನು ಕಪಿಲ್ ಬೆಂಗಳೂರಿನಲ್ಲಿ 1994ರ ಜನವರಿಯಲ್ಲಿ ಸರಿಗಟ್ಟಿ, ಫೆಬ್ರವರಿ 8ರಂದು ಅಹಮದಾಬಾದ್‌ನಲ್ಲಿ ದಾಟಿದರು. ಆ ಬೆನ್ನಟ್ಟುವಿಕೆಯ ದಿನಗಳಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್, ಕೈಯಲ್ಲಿ ಬೆಂಕಿಯಂಥ ವೇಗವಿಟ್ಟುಕೊಂಡು, ತವರಿನ ಟೆಸ್ಟ್‌ಗಳಲ್ಲಿ ನೀರು ಹೊತ್ತರು. 1991ರಲ್ಲೇ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದ್ದವರಿಗೆ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರ್‌ನಲ್ಲಿ, ಕಪಿಲ್ ನಿವೃತ್ತರಾದ ಮೇಲೆ. ಕೊನೆಯ ಆ ಎರಡು ವರ್ಷ ಕಪಿಲ್ ತಂಡವನ್ನು ಹೊತ್ತಿರಲಿಲ್ಲ, ತಂಡ ಕಪಿಲ್‌ರನ್ನು ಹೊತ್ತಿತ್ತು. ಮಾವ ಆ ವರ್ಷದ ಪುಟದಲ್ಲಿ ಶ್ರೀನಾಥ್ ಹೆಸರು ಬರೆದು ಮುಂದೆ ‘ಬಾಕಿ’ ಅಂತ ಗುರುತು ಹಾಕಿದ್ದಾರೆ.

ಇಷ್ಟು ಹೊತ್ತು ಹೇಳಿದ ಎಲ್ಲರ ಭಾಗಾಕಾರಕ್ಕಿಂತ ದೊಡ್ಡ ಸಂಖ್ಯೆ ಆ ಪುಟದಲ್ಲಿ ಒಂದಿದೆ. 44 ಟೆಸ್ಟ್, 14,686 ಎಸೆತ, ಟೆಸ್ಟಿಗೆ 334. ವಿನೂ ಮಂಕಡ್. ಇವತ್ತಿನ ಹುಡುಗರಿಗೆ ಈ ಹೆಸರು ಗೊತ್ತಿರುವುದು ನಾನ್‌ಸ್ಟ್ರೈಕರ್ ತುದಿಯ ರನೌಟ್‌ನಿಂದ ಮಾತ್ರ. ಇದೊಂದು ಅನ್ಯಾಯ. 1952ರ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರಿರಲಿಲ್ಲ. ಆಯ್ಕೆಯ ಭರವಸೆ ಸಿಗದೆ ಲ್ಯಾಂಕಾಷೈರ್ ಲೀಗ್‌ನ ಹ್ಯಾಸ್ಲಿಂಗ್ಡನ್ ಕ್ಲಬ್ಬಿಗೆ ಆಡಲು ಒಪ್ಪಿಕೊಂಡಿದ್ದರು. ಲೀಡ್ಸ್‌ನಲ್ಲಿ ಭಾರತ ಎರಡನೇ ಇನಿಂಗ್ಸ್‌ನಲ್ಲಿ ಒಂದೂ ರನ್ ಆಗುವ ಮೊದಲೇ ನಾಲ್ಕು ವಿಕೆಟ್ ಕಳೆದುಕೊಂಡ ಮೇಲೆ, ಕ್ಲಬ್ಬಿನಿಂದ ಅವರನ್ನು ಎರವಲು ಕೇಳಿ ತರಬೇಕಾಯಿತು. ಮುಂದಿನ ಟೆಸ್ಟ್ ಲಾರ್ಡ್ಸ್. ಇನಿಂಗ್ಸ್ ಆರಂಭಿಸಿ 72. ಆಮೇಲೆ ಇಂಗ್ಲೆಂಡ್ 537 ಹೊಡೆಯುವಾಗ 73 ಓವರ್ ಹಾಕಿ 196ಕ್ಕೆ 5. ಬೌಲಿಂಗ್ ಮುಗಿಸಿ ಬಂದು ಪ್ಯಾಡ್ ಕಟ್ಟಿ ಮತ್ತೆ ಇನಿಂಗ್ಸ್ ಆರಂಭಿಸಿ 184. ಗೆಲ್ಲಲು ಇಂಗ್ಲೆಂಡಿಗೆ ಬೇಕಿದ್ದ ಅಲ್ಪಸ್ವಲ್ಪ ರನ್ನಿಗೂ ಅವರೇ 24 ಓವರ್ ಹಾಕಿದರು. ಒಂದು ಪಂದ್ಯ, 256 ರನ್, 97 ಓವರ್. ಭಾರತ ಎಂಟು ವಿಕೆಟ್ಟಿನಿಂದ ಸೋತಿತು. ಆದರೂ ಆ ಟೆಸ್ಟಿಗೆ ಇವತ್ತಿಗೂ ಮಂಕಡ್ ಟೆಸ್ಟ್ ಅಂತಲೇ ಹೆಸರು. ಅದೇ ವರ್ಷದ ಆರಂಭದಲ್ಲಿ ಮದ್ರಾಸಿನಲ್ಲಿ 55ಕ್ಕೆ 8 ಪಡೆದು ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಗೆಲುವು ಕಾಣಿಸಿದವರೂ ಅವರೇ. ಸಾವಿರ ರನ್, ನೂರು ವಿಕೆಟ್ಟನ್ನು 23 ಟೆಸ್ಟ್‌ಗಳಲ್ಲಿ ಮುಟ್ಟಿದರು. ಅದನ್ನು ಮುರಿಯಲು ಬೋಥಮ್ ಹುಟ್ಟಿಬರಬೇಕಾಯಿತು. ಒಂದರಿಂದ ಹನ್ನೊಂದರವರೆಗೆ ಎಲ್ಲ ಕ್ರಮಾಂಕದಲ್ಲೂ ಬ್ಯಾಟ್ ಮಾಡಿದವನ ಸರಾಸರಿ 31 ಅಂತ ಹೇಳುವುದರಲ್ಲಿ ಏನು ಅರ್ಥ? ಮನೆಯಲ್ಲಿ ಯಾವ ಕೆಲಸಕ್ಕೂ ‘ಅವನನ್ನೇ ಕರಿ’ ಅನ್ನಿಸಿಕೊಳ್ಳುವ ಹಿರಿಮಗ ಯಾವ ಪರೀಕ್ಷೆಯಲ್ಲೂ ಮೊದಲ ರ‍್ಯಾಂಕ್ ಬರುವುದಿಲ್ಲ.

ಕಾಲವೇ ಕಸಿದುಕೊಂಡವರ ಮಾತು ಬೇರೆ. ಮಿಲ್ಲರ್ ತಮ್ಮ ಎಳೆಯ ವಯಸ್ಸನ್ನು ಯುದ್ಧವಿಮಾನದಲ್ಲಿ ಕಳೆದರು. ಮೊದಲ ಟೆಸ್ಟ್ ಆಡುವಾಗ 26. ಬೆನ್ನ ಹಿಂದೆ ಶತ್ರುವಿಮಾನ ಬಂದಾಗಿನ ಒತ್ತಡ ಕಂಡವನಿಗೆ ಕ್ರಿಕೆಟ್ಟಿನ ಒತ್ತಡ ಏನು ಮಹಾ ಅನ್ನುವ ಅರ್ಥದ ಅವರ ಮಾತು ಪ್ರಸಿದ್ಧ. ಬ್ಯಾಟಿಂಗ್ 36.97, ಬೌಲಿಂಗ್ 22.97, ಎರಡರಲ್ಲೂ ಪ್ರತ್ಯೇಕವಾಗಿ ತಂಡಕ್ಕೆ ಆಯ್ಕೆಯಾಗಬಲ್ಲವರು. ಸವ್ಯಸಾಚಿ ಎಂಬ ಪದ ಅಕ್ಷರಶಃ ಹೊಂದುವುದು ಬಹುಶಃ ಇವರಿಗೇ. ದಕ್ಷಿಣ ಆಫ್ರಿಕದ ಮೈಕ್ ಪ್ರಾಕ್ಟರ್ ಏಳೇ ಟೆಸ್ಟ್ ಆಡಿ 15.02ರ ಸರಾಸರಿಯಲ್ಲಿ 41 ವಿಕೆಟ್ ಪಡೆದರು. ವರ್ಣಭೇದದ ಕಾರಣಕ್ಕೆ ಆ ದೇಶವನ್ನು ಕ್ರಿಕೆಟ್ ಲೋಕ ಹೊರಗಿಟ್ಟಾಗ ಅವರ ಟೆಸ್ಟ್ ಬದುಕು ಅಲ್ಲಿಗೆ ಮುಗಿಯಿತು. ಇಲ್ಲಿ ಪ್ರಾಕ್ಟರ್‌ಗಾಗಿ ಕಣ್ಣೀರಿಡುವವರು ಬೆಸಿಲ್ ಡಿ’ಒಲಿವೆರಾ ಅವರನ್ನೂ ನೆನೆಯಬೇಕು. ಬಿಳಿಯನಲ್ಲ ಎಂಬ ಒಂದೇ ಕಾರಣಕ್ಕೆ ಅದೇ ದೇಶದ ಪರ ಒಂದು ಟೆಸ್ಟೂ ಆಡಲಾಗದೆ, ಇಂಗ್ಲೆಂಡಿಗೆ ವಲಸೆ ಹೋಗಿ 44 ಟೆಸ್ಟ್ ಆಡಿದವರು ಅವರು.

ಕಸಿದುಕೊಂಡದ್ದಷ್ಟೇ ಅಲ್ಲ, ಕಣ್ಣಿಗೇ ಹಾಕಿಕೊಳ್ಳದ್ದೂ ಇದೆ. ಒಂದೇ ಟೆಸ್ಟ್‌ನಲ್ಲಿ ಶತಕ ಮತ್ತು ಹತ್ತು ವಿಕೆಟ್ ಪಡೆದವರು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಬೋಥಮ್, ಇಮ್ರಾನ್, ಶಕೀಬ್ ಅಂತ ಉತ್ತರ ಬರುತ್ತದೆ. ಬೋಥಮ್‌ಗಿಂತ 22 ವರ್ಷ ಮುಂಚೆ, 1958ರ ಫೆಬ್ರವರಿಯಲ್ಲಿ, ಮೆಲ್ಬರ್ನ್‌ನ ಸೇಂಟ್ ಕಿಲ್ಡಾದಲ್ಲಿ ಆಸ್ಟ್ರೇಲಿಯದ ಬೆಟ್ಟಿ ವಿಲ್ಸನ್ ಅದನ್ನು ಮಾಡಿದ್ದರು. ಆಸ್ಟ್ರೇಲಿಯ 38ಕ್ಕೆ ಆಲೌಟ್. ತಿರುಗಿ ಇಂಗ್ಲೆಂಡ್ 35ಕ್ಕೆ ಆಲೌಟ್. ವಿಲ್ಸನ್ 7 ರನ್ನಿಗೆ 7 ವಿಕೆಟ್, ಅದರಲ್ಲೊಂದು ಹ್ಯಾಟ್ರಿಕ್. ಯಾರೂ ನಿಲ್ಲಲಾಗದ ಆ ಪಂದ್ಯದಲ್ಲಿ ಬ್ಯಾಟ್ ಹಿಡಿದು ಬಂದು 100, ಮತ್ತೆ 9ಕ್ಕೆ 4. ಹನ್ನೊಂದೇ ಟೆಸ್ಟ್‌ಗಳ ವೃತ್ತಿಜೀವನ: ಬ್ಯಾಟಿಂಗ್ 57.46, ಬೌಲಿಂಗ್ 11.80. ಕಳೆಯುವ ಸೂತ್ರ ಕಟ್ಟಿದವರು ಈ ಹೆಸರನ್ನು ಅದಕ್ಕೆ ಹಾಕಿ ನೋಡಿದರೆ 45 ದಾಟುತ್ತದೆ, ಸೋಬರ್ಸ್ ಅವರದರ ಸುಮಾರು ಎರಡರಷ್ಟು. ಹನ್ನೊಂದು ಟೆಸ್ಟ್ ಸಣ್ಣ ಲೆಕ್ಕ ಅನ್ನುವುದು ಸರಿ. ಅವರಿಗೆ ಹೆಚ್ಚು ಟೆಸ್ಟ್ ಆಡಿಸಲಿಲ್ಲ ಅನ್ನುವುದೂ ಅಷ್ಟೇ ಸರಿ. ಮಾವನ ಪುಸ್ತಕದಲ್ಲಿ ಈ ಹೆಸರಿರಲಿಲ್ಲ. ಅವರು ಓದುತ್ತಿದ್ದ ಪೇಪರಿನಲ್ಲೂ ಇದ್ದಿರಲಾರದು.

ಒಂದು ದಿನದ ಪಂದ್ಯಗಳ ವಿಷಯವನ್ನು ನಾನು ಬೇಗ ದಾಟುತ್ತೇನೆ. ಹತ್ತು ಓವರಿನ ಮಿತಿ ಬಂದ ಮೇಲೆ ಹೊರೆ ಅನ್ನುವುದಕ್ಕೇ ಬೇಲಿ ಬಿತ್ತು. ಸನತ್ ಜಯಸೂರ್ಯ 13,430 ರನ್ ಮತ್ತು 323 ವಿಕೆಟ್, 2011ರ ವಿಶ್ವಕಪ್‌ನಲ್ಲಿ ಯುವರಾಜ್ ಸಿಂಗ್ 362 ರನ್ ಮತ್ತು 15 ವಿಕೆಟ್, 2019ರಲ್ಲಿ ಶಕೀಬ್ ಅಲ್ ಹಸನ್ 606 ರನ್ ಮತ್ತು 11 ವಿಕೆಟ್; ಇವು ಬೆರಗಿನ ಅಂಕಿಗಳೇ. ಇವರಲ್ಲಿ ಶಕೀಬ್ ಮಾತ್ರ ಟೆಸ್ಟ್‌ನ ತಕ್ಕಡಿಯಲ್ಲೂ ತೂಗುತ್ತಾರೆ: 4,609 ರನ್, 246 ವಿಕೆಟ್, ಅದೂ ಬಹಳಷ್ಟು ಕಾಲ ಸೋಲುವ ತಂಡದಲ್ಲಿ. ವಿಕೆಟ್‌ಕೀಪರ್‌ಗಳನ್ನೂ ಆಲ್‌ರೌಂಡರ್ ಎನ್ನಬೇಕೆಂಬ ವಾದವೂ ಉಂಟು. ಗಿಲ್‌ಕ್ರಿಸ್ಟ್ ಇರಲಿ, 2003ರ ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟು ಭಾರತ ಒಬ್ಬ ಹೆಚ್ಚುವರಿ ಬ್ಯಾಟರ್ ಆಡಿಸಲು ಜಾಗ ಮಾಡಿಕೊಟ್ಟ ದ್ರಾವಿಡ್ ಇರಲಿ, ಮಾಡಿದ್ದು ಆಲ್‌ರೌಂಡರ್‌ನ ಕೆಲಸವೇ. ಆದರೆ ಅದಕ್ಕೊಂದು ಬೇರೆ ಪಟ್ಟಿ ಬೇಕು, ಬೇರೆ ಲೇಖನವೂ.

ಶ್ರೇಷ್ಠರ ಪಟ್ಟಿಗೆ ಎಂದೂ ಬಾರದ, ಆದರೆ ಈ ಆಟ ನಿಂತಿರುವುದೇ ಅಂಥವರ ಮೇಲೆ ಅನ್ನಿಸುವ ಆಲ್‌ರೌಂಡರ್‌ಗಳು ನಮ್ಮಲ್ಲೇ ಇದ್ದಾರೆ. ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಗದಗಕ್ಕೆ ಮರಳಿ ಶಾಲೆಗೆ ಹೋಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಅವರ ಬೌಲಿಂಗ್ ಸಾಲು: 10–6–6–5. ಆ ಸಾಲನ್ನು ಮಾವ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಬಿನ್ನಿ 1977ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಮೇಲೆ ಸಂಜಯ್ ದೇಸಾಯಿ ಜೊತೆ ಮೊದಲ ವಿಕೆಟ್ಟಿಗೆ ಮುರಿಯದ 451 ಸೇರಿಸಿದವರು. ಮುಂದೆ ಭಾರತ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಹೊಸ ಚೆಂಡು ಮತ್ತು ಕೆಳಗಿನ ಕ್ರಮಾಂಕ.

ಈಗಿನವರಲ್ಲಿ ಬೆನ್ ಸ್ಟೋಕ್ಸ್ ಹೆಸರು ಬಂದೇ ಬರುತ್ತದೆ. 2019ರ ವಿಶ್ವಕಪ್ ಫೈನಲ್‌ನ ಅಜೇಯ 84, ಆರು ವಾರದ ಅಂತರದಲ್ಲಿ ಲೀಡ್ಸ್‌ನ ಅಜೇಯ 135. ಅಲ್ಲಿ ಹನ್ನೊಂದನೆಯವರಾಗಿ ಬಂದ ಜ್ಯಾಕ್ ಲೀಚ್ 17 ಎಸೆತ ಎದುರಿಸಿ ಹೊಡೆದದ್ದು ಒಂದೇ ರನ್. ಸ್ಟೋಕ್ಸ್ ಗಳಿಗೆಗಳ ಆಟಗಾರ, ಬೋಥಮ್ ವಂಶ. 2025ರ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಮೇಲೆ 141 ಹೊಡೆದು ಐದು ವಿಕೆಟ್ಟೂ ಪಡೆದರು; ಆದರೆ ಆ ಟೆಸ್ಟನ್ನು ಗೆಲ್ಲಗೊಡದೆ ಉಳಿಸಿಕೊಂಡವರು ಅಜೇಯ ಶತಕ ಹೊಡೆದ ಇಬ್ಬರು ಸ್ಪಿನ್ ಆಲ್‌ರೌಂಡರ್‌ಗಳು, ಜಡೇಜ ಮತ್ತು ವಾಷಿಂಗ್ಟನ್ ಸುಂದರ್. ರವೀಂದ್ರ ಜಡೇಜ ಈಗ 4,000 ರನ್, 300 ವಿಕೆಟ್ ದಾಟಿ ಕಪಿಲ್, ಬೋಥಮ್, ವೆಟ್ಟೋರಿ ಸಾಲಿಗೆ ಸೇರಿದ್ದಾರೆ. ಇವರನ್ನು ಸಾರ್ವಕಾಲಿಕ ಅನ್ನಲು ನಾವೇ ಯಾಕೋ ಹಿಂದೆಮುಂದೆ ನೋಡುತ್ತೇವೆ. ಸಂಭ್ರಮಕ್ಕೆ ಕತ್ತಿಯಂತೆ ಬ್ಯಾಟ್ ಬೀಸುವವನನ್ನು ಗಂಭೀರವಾಗಿ ತೆಗೆದುಕೊಳ್ಳಲು ಮನಸ್ಸು ಬಾರದೇನೋ. ನನ್ನ ಪ್ರಕಾರ ಮಂಕಡ್ ನಂತರ ಭಾರತ ಕಂಡ ಅತಿ ದೊಡ್ಡ ಸ್ಪಿನ್ ಆಲ್‌ರೌಂಡರ್ ಇವರೇ. 537 ವಿಕೆಟ್ ಮತ್ತು ಆರು ಶತಕದ ಅಶ್ವಿನ್ ಅವರನ್ನು ಹ್ಯಾಡ್ಲಿಯವರ ಪಕ್ಕ ಕೂರಿಸುತ್ತೇನೆ.

ಮುಂದೆ ಇಂಥವರು ಹುಟ್ಟುತ್ತಾರೋ ಇಲ್ಲವೋ ಎಂಬ ಅನುಮಾನಕ್ಕೆ ಕಾರಣವಿದೆ. 2023ರಿಂದ ಐಪಿಎಲ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂತು. ಬ್ಯಾಟಿಂಗ್ ಮುಗಿಸಿದವನನ್ನು ಕೂರಿಸಿ ಬೌಲರ್ ಒಬ್ಬನನ್ನು ಇಳಿಸಬಹುದು. ಆಲ್‌ರೌಂಡರ್ ಇದ್ದರೆ ನಾಯಕನಿಗೆ ಹನ್ನೊಂದು ಜನರಲ್ಲಿ ಹನ್ನೆರಡು ಜನ ಸಿಗುತ್ತಿದ್ದರು. ಆ ಹನ್ನೆರಡನೆಯವನನ್ನು ಈಗ ನಿಯಮವೇ ಪುಕ್ಕಟೆ ಕೊಡುತ್ತದೆ. ಶಿವಂ ದುಬೆ, ಸುಂದರ್ ಅಂಥವರಿಗೆ ಬೌಲಿಂಗೇ ಸಿಗುತ್ತಿಲ್ಲ ಅಂತ ರೋಹಿತ್ ಶರ್ಮ 2024ರಲ್ಲಿ ಬಹಿರಂಗವಾಗಿಯೇ ಬೇಸರಪಟ್ಟರು.

ಮಾವನ ಪುಸ್ತಕ ಈಗ ನನ್ನ ಬಳಿ ಇದೆ. ಕೊನೆಯ ಪುಟದಲ್ಲಿ ಐದು ಹೆಸರು: ಸೋಬರ್ಸ್, ಮಂಕಡ್, ಮಿಲ್ಲರ್, ಕಪಿಲ್, ಇಮ್ರಾನ್. ಕೆಳಗೆ ಪೆನ್ಸಿಲ್‌ನಲ್ಲಿ ಕ್ಯಾಲಿಸ್, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ. ಇಮ್ರಾನ್ ಅವರನ್ನು ನಾನು ಮನಸ್ಸಿನಲ್ಲೇ ಎರಡನೇ ಸ್ಥಾನಕ್ಕೆ ಏರಿಸಿದ್ದೇನೆ, ಪ್ರಶ್ನೆಚಿಹ್ನೆಯನ್ನು ಅಳಿಸಿಲ್ಲ. ಬೆಟ್ಟಿ ವಿಲ್ಸನ್ ಹೆಸರನ್ನು ಸೇರಿಸಿದ್ದು ನಾನೇ. 2025ರ ನವೆಂಬರ್ 2ರ ರಾತ್ರಿ, ನವಿ ಮುಂಬೈಯಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ಮೇಲೆ, ಬೀದಿಯ ಪಟಾಕಿ ಸದ್ದು ನಿಲ್ಲುವವರೆಗೆ ಕಾದು, ಖಾಲಿ ಉಳಿದಿದ್ದ ಒಂದು ಸಾಲಿನಲ್ಲಿ ದೀಪ್ತಿ ಶರ್ಮ ಅಂತ ಬರೆದೆ. ಮುಂದೆ 58 ಅಂತ ಬರೆಯಲು ಹೋಗಿ ಕೈ ತಡೆಯಿತು. ಮೊದಲು 9.3 ಬರೆದೆ. ಆಮೇಲೆ 39ಕ್ಕೆ 5. ಅದಾದ ಮೇಲೆ 58.